ನೂರರ ಬಲ್ಬಿನ ಸೇವಂತಿಗೆ

ಬನವಾಸಿ ಬಸ್ಸಿನಲ್ಲಿ ತೊಡೆಯ ಮೇಲೆ ಸೇವಂತಿಗೆಯ ಕುಂಡ ಇಟ್ಟುಕೊಂಡು ಕೂತಿದ್ದ ಶಿವಪುತ್ರಪ್ಪನಿಗೆ ಇದ್ದದ್ದು ಒಂದೇ ಹೆದರಿಕೆ: ಪಕ್ಕದವರು ಯಾರಾದರೂ ಹೂವನ್ನು ಮುಟ್ಟಿ ನೋಡಿಯಾರು. ಗಿಡದಲ್ಲಿ ಏಳು ಹಳದಿ ಹೂವುಗಳಿದ್ದವು. ಏಳನ್ನೂ ನಿನ್ನೆ ಸಂಜೆ ಬಿಡಕಿಬೈಲು ಪೇಟೆಯಲ್ಲಿ ಹೂ ಮಾರುವ ಮಂಜಿಯ ಬುಟ್ಟಿಯಿಂದ ಕೊಂಡು ತಂದು, ಇವತ್ತು ಬೆಳಿಗ್ಗೆ ಎದ್ದವನೇ ಹಸಿರು ದಾರದಿಂದ ಒಂದೊಂದು ಟೊಂಗೆಯ ತುದಿಗೆ ಒಂದೊಂದರಂತೆ ಹೊಲಿದು ಕೂಡಿಸಿದ್ದ. ಇಪ್ಪತ್ತೈದು ವರ್ಷ ಶಿರಸಿಯಲ್ಲಿ ಹೊಲಿಗೆ ಅಂಗಡಿ ನಡೆಸಿದವನ ಕೈ. ಗಂಟು ಎಲ್ಲಿ ಹಾಕಿದೆ ಎಂದು ಹೊಲಿದವನಿಗೇ ಹುಡುಕಿದರೂ ಸಿಗುವಂತಿರಲಿಲ್ಲ. ಹೊಲಿದು ಮುಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು, ಅದೂ ಎಂಥ ಸಂತೋಷ! ಗಿಡವೇ ಬಿಟ್ಟಿದೆ ಎಂದು ಒಂದು ಗಳಿಗೆ ತಾನೂ ನಂಬಿಬಿಟ್ಟಿದ್ದ. ಈಗ ಬಸ್ಸು ಪ್ರತಿ ಗುಂಡಿಗೂ ಎಗರುವಾಗ ಹೂವುಗಳು ಒಟ್ಟಿಗೇ ತಲೆಯಾಡಿಸುತ್ತಿದ್ದವು. ಮುಂದಿನ ಸೀಟಿನಲ್ಲಿ ಗೋಣಿಚೀಲ ತಬ್ಬಿಕೊಂಡು ಕೂತಿದ್ದವನೊಬ್ಬ ಹಿಂದಿರುಗಿ, “ಎಲ್ಲಿ ಸಿಕ್ತರೀ ಇಂಥಾ ಸೇವಂತಿಗಿ?” ಎಂದ. “ಮನ್ಯಾಗ ಬೆಳದದ್ದು,” ಎಂದ ಶಿವಪುತ್ರಪ್ಪ. ಸುಳ್ಳೇನಲ್ಲ, ಗಿಡ ಮನೆಯಲ್ಲೇ ಬೆಳೆದದ್ದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ಕುಂಡವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತ.

ಅವನು ಹೊರಟಿದ್ದು ಹೆಂಡತಿಯನ್ನು ಕರೆದುಕೊಂಡು ಬರಲಿಕ್ಕೆ. ಗುರುಶಾಂತವ್ವ ತಮ್ಮನ ಮನೆಗೆ ಹೋಗಿ ಎರಡು ತಿಂಗಳಾಗಿತ್ತು. ಚೌತಿ ಮುಗಿದ ನಾಲ್ಕನೆಯ ದಿನ ತಮ್ಮ ದ್ಯಾಮಪ್ಪ ಬಂದು, ಅಕ್ಕನ ಮುಖ ನೋಡಿ, ಅವಳ ಬಟ್ಟೆಯನ್ನು ಚೀಲಕ್ಕೆ ತುಂಬಿದ್ದ. ಬಸ್ಸು ಹತ್ತುವಾಗ ಅವಳು ನಕ್ಕು, “ಹೂ ಬಿಟ್ಟ ದಿನ ಗಿಡ ತಗೊಂಡು ಬರ್ರಿ. ನಿಮ್ಮ ಜೋಡೀನ ಬರ್ತೀನಿ,” ಎಂದಿದ್ದಳು. ಹೋಗುವ ಹೊತ್ತಿಗೆ ಬಾಯಿಗೆ ಬಂದ ಮಾತಾಗಿರಬಹುದು ಅದು. ಆದರೆ ಶಿವಪುತ್ರಪ್ಪ ಅದನ್ನು ಅಳತೆ ಚೀಟಿಯ ಹಾಗೆ ಜೇಬಿನಲ್ಲಿಟ್ಟುಕೊಂಡ. ಹೂವಿಲ್ಲದೆ ಹೋಗುವ ಮುಖ ತನಗಿಲ್ಲ ಎಂದುಕೊಂಡು ಎರಡು ತಿಂಗಳು ಆ ಕಡೆ ತಲೆಹಾಕಲಿಲ್ಲ. ದಿನಕ್ಕೆ ನಾಲ್ಕು ಬಾರಿ ಟೊಂಗೆಯ ತುದಿಯನ್ನು ಬೆರಳಲ್ಲಿ ಮುಟ್ಟಿ ಮೊಗ್ಗು ಹುಡುಕಿದ. ಒಂಟಿ ಅಡಿಗೆ, ಒಂಟಿ ಊಟ. ಗಿರಾಕಿಗಳು ಹೋದ ಮೇಲೆ ಅಂಗಡಿಯಲ್ಲಿ ಮಾತಾಡುವುದು ಮಷೀನು ಒಂದೇ. ಹೋದ ವಾರ ದ್ಯಾಮಪ್ಪನ ಕಾಗದ ಬಂದಿತ್ತು: ಅಕ್ಕನಿಗೆ ಈಗ ಆರಾಮ, ಕೆಮ್ಮು ನಿಂತಿದೆ, ರಾತ್ರಿ ಚೆನ್ನಾಗಿ ನಿದ್ರೆ ಬರುತ್ತದೆ. ಕೊನೆಯ ಮಾತನ್ನು ಅವನು ಮೂರು ಬಾರಿ ಓದಿದ. ನಿದ್ರೆ ಬರುತ್ತದೆಯಂತೆ. ಸಂತೋಷಪಡಬೇಕಾದ ಮಾತಿಗೆ ಎದೆಯೊಳಗೆ ಹೊಟ್ಟೆಕಿಚ್ಚಿನಂಥದ್ದು ಎದ್ದಿತು. ಅಲ್ಲಿಯೇ ಅಭ್ಯಾಸವಾಗಿಬಿಟ್ಟರೆ? ಅವಳು ಬಾರದೇ ಹೋದರೆ? ಆಗ ನಾನು ಯಾರಿಗೆ ಏನು?

ಗಿಡವನ್ನು ತಂದವಳು ಅವಳೇ. ಯುಗಾದಿಗೆ ತವರಿಗೆ ಹೋದವಳು ಅಂಗಳದ ಸೇವಂತಿಗೆಯ ಬುಡದಿಂದ ಒಂದು ಮರಿ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಲಗ್ನವಾಗಿ ಬಂದಾಗಿನಿಂದ ಕೊಂಡ ಹೂವನ್ನೇ ಲಿಂಗಕ್ಕೆ ಏರಿಸುತ್ತಿದ್ದೇನೆ, ಮನೆಯದು ಅಂತ ಒಂದು ಹೂವು ಏರಿಸಬೇಕು ಎಂದಳು. ಅವಳು ಬೇರೇನನ್ನೂ ಬೇಡಿದವಳಲ್ಲ. ಆದರೆ ಅವರ ಮನೆ ಎಂದರೆ ಮುಂದೆ ಅಂಗಡಿ, ಹಿಂದೆ ಒಂದೇ ಕೋಣೆ. ಕೋಣೆಯ ಬೆನ್ನಿಗೆ ಮನೆ ಯಜಮಾನನ ಗೋದಾಮಿನ ಗೋಡೆ, ಕಿಟಕಿಯಿಲ್ಲ. ಬಾಗಿಲ ಹೊರಗೆ ಇಟ್ಟರೆ ಬೀದಿಯ ದನ, ಜೂನಿನಿಂದಾಚೆ ಬೇರು ಕೊಳೆಸುವ ಶಿರಸಿಯ ಮಳೆ. ಒಳಗಿಟ್ಟ ಮರಿ ಹದಿನೈದು ದಿನದಲ್ಲಿ ಬಿಳಿಚಿಕೊಂಡಿತು. ಆಗಲೇ ರಘುಪತಿ ಪ್ಯಾಂಟಿನ ಅಳತೆ ಕೊಡಲು ಬಂದದ್ದು. ಬೇಸಾಯ ಇಲಾಖೆಯ ಹುಡುಗ ಸಾಹೇಬ, ಮಾತುಗಾರ. ಸೊಂಟಕ್ಕೆ ಟೇಪು ಸುತ್ತಿಸಿಕೊಳ್ಳುತ್ತಲೇ ಹೊರದೇಶದ ಗಾಜಿನ ಮನೆಗಳ ಸುದ್ದಿ ತೆಗೆದ. ಅಲ್ಲಿ ಸೂರ್ಯನೇ ಬೇಡವಂತೆ. ಕರೆಂಟಿನ ದೀಪ ಹಾಕಿ ಗಿಡ ಬೆಳೆಸುತ್ತಾರಂತೆ. “ಗಿಡಕ್ಕೆ ಬೆಳಕೇ ಊಟ ಮಾರಾಯ್ರೇ,” ಎಂದ. ಅಳತೆ ಬರೆದುಕೊಳ್ಳುತ್ತಿದ್ದ ಶಿವಪುತ್ರಪ್ಪನ ಪೆನ್ಸಿಲು ನಿಂತಿತು. ಮನೆಗೆ ಕರೆಂಟು ಎಳೆಸಿ ಆಗಿನ್ನೂ ಒಂದು ವರ್ಷ. ಆ ಸಂಜೆಯೇ ನೂರರ ಬಲ್ಬು, ಅಂದರೆ ನೂರು ವ್ಯಾಟಿನದು, ತಂದ.

ಅವನು ಆ ಕೆಲಸಕ್ಕೆ ಬಿದ್ದ ರೀತಿ! ಬಲ್ಬಿನ ವಯರನ್ನು ಖಾಲಿ ದಾರದ ರೀಲಿನ ಮೇಲೆ ಹಾಯಿಸಿ ಏರಿಸಿ ಇಳಿಸುವ ಹಾಗೆ ಮಾಡಿದ. ಮೊದಲು ತೀರಾ ಹತ್ತಿರ ಇಳಿಸಿದ್ದಕ್ಕೆ ಎರಡು ಎಲೆ ಸುಟ್ಟುಹೋದವು. ಆಮೇಲೆ ಟೇಪು ಹಿಡಿದು ತುದಿಯಿಂದ ಹದಿನಾಲ್ಕು ಇಂಚಿಗೆ ಗೊತ್ತುಮಾಡಿದ. ಗಿಡ ಬೆಳೆದಂತೆ ದೀಪ ಮೇಲೇರುತ್ತಿತ್ತು. ಮಾದರಿ ಕತ್ತರಿಸುವ ದಪ್ಪ ಕಾಗದದಿಂದ ಮೇಲೊಂದು ಟೊಪ್ಪಿಗೆ ಮಾಡಿ, ಒಳಮೈಗೆ ಸುಣ್ಣ ಬಳಿದು, ಬೆಳಕೆಲ್ಲ ಕೆಳಗೇ ಬೀಳುವಂತೆ ಕಟ್ಟಿದ. ಒಂದೇ ಕಡೆ ವಾಲಬಾರದೆಂದು ದಿನಾ ಬೆಳಿಗ್ಗೆ ಕುಂಡವನ್ನು ಕಾಲು ಸುತ್ತು ತಿರುಗಿಸಿದ. ಎಲೆಯ ಮೇಲೆ ಕೂತ ಅರಿವೆಯ ಧೂಳನ್ನು ಒದ್ದೆ ಮಲ್ ಬಟ್ಟೆಯಿಂದ ಒರೆಸಿದ. ಹಗಲು ಊಟ ಹಾಕಿ ರಾತ್ರಿ ಉಪವಾಸ ಯಾಕೆ ಕೆಡವಬೇಕೆಂದು ಇಡೀ ರಾತ್ರಿಯೂ ಉರಿಸಿದ. ಗಿಡ ಎದ್ದಿತು. ದಿನಕ್ಕಿಷ್ಟು ಎಂದು ಎದ್ದಿತು, ಮೊಣಕಾಲು ದಾಟಿತು, ಎಲೆಯ ಮೇಲೆ ಎಲೆ ಹಾಕಿತು. ಬೆಳಕು ಕೊಟ್ಟರೆ ಬೆಳೆಯುವ, ನೀರು ಕೊಟ್ಟರೆ ತಲೆಯೆತ್ತುವ ಒಂದು ಜೀವ. ಮಕ್ಕಳಿಲ್ಲದ ಮನೆಯಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ತನ್ನ ಕೈಯಿಂದ ಬಟ್ಟೆಯಲ್ಲದ ಏನೋ ಒಂದು ಆಗುತ್ತಿದೆ ಎಂದು ಅವನಿಗೆ ಹೆಮ್ಮೆ. ಅಂಗಡಿಗೆ ಬಂದವರು, “ಏನ್ರೀ ಶಿವಪುತ್ರಪ್ಪ, ರಾತ್ರಿ ಪೂರಾ ಹೊಲೀತೀರಂತಲ್ಲ, ಅಷ್ಟು ದುರಾಸೆ ಯಾಕ್ರೀ?” ಎಂದು ಕಿಚಾಯಿಸಿದರೆ ಗುಟ್ಟು ಬಿಡದೆ ನಗುತ್ತಿದ್ದ.

ಹಾಸಿಗೆ ಇದ್ದದ್ದೂ ಅದೇ ಕೋಣೆಯಲ್ಲಿ. ಮಳೆ ಹಿಡಿದಾಗಿನಿಂದ ಗುರುಶಾಂತವ್ವನಿಗೆ ಕೆಮ್ಮು. ದೀಪ ಉರಿಸಿಟ್ಟ ಮೊದಲ ದಿನದ ರಾತ್ರಿ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಸುಣ್ಣದ ಗೋಡೆಯೂ ಬೆಳಗುತ್ತಿತ್ತು. “ರೀ, ಒಂದು ತಾಸು ದೀಪಾ ಆರಸ್ರೀ,” ಎಂದಳು ಒಂದು ದಿನ. “ನಿನಗಾಗೇ ಅಲ್ಲೇನು ಇದೆಲ್ಲ? ಇನ್ನ ಸ್ವಲ್ಪ ದಿನ,” ಎಂದ ಅವನು. ಅವಳು ಮತ್ತೆ ಕೇಳಿದಾಗ ಅವನಿಗೊಂದು ಉಪಾಯ ಹೊಳೆಯಿತು. ಕೋಟಿನ ಒಳಪದರಕ್ಕೆ ತಂದ ಕರಿ ಸಾಟಿನ್ನಿನಲ್ಲಿ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ನಡುವೆ ಹತ್ತಿ ತುಂಬಿ, ಅಂಚಿಗೆ ಚಂದದ ಹೊಲಿಗೆ ಹಾಕಿ, ಹಿಂದೆ ಕಟ್ಟಲು ಲಾಡಿ ಇಟ್ಟು ಕೊಟ್ಟ. ಕಣ್ಣಿಗೆ ಕಟ್ಟಿಕೊಂಡು ಮಲಗು ಎಂದ. ಅವಳು ಕಟ್ಟಿಕೊಂಡಳು. ಗಾಣದ ಎತ್ತಿನ ಹಾಗೆ ಕಾಣುತ್ತೀ ಎಂದು ಅವನು ನಕ್ಕ, ಅವಳೂ ನಕ್ಕಳು. ಒಂದು ಬೆಳಿಗ್ಗೆ ಗೂಟಕ್ಕೆ ನೇತುಹಾಕಿದ್ದ ಪಟ್ಟಿಯನ್ನು ಸುಮ್ಮನೆ ಮುಟ್ಟಿ ನೋಡಿದಾಗ ಹತ್ತಿ ಒದ್ದೆಯಾಗಿತ್ತು. ಸೆಕೆಗೆ ಬೆವತಿರಬೇಕು ಎಂದುಕೊಂಡ. ಶ್ರಾವಣದ ಚಳಿಯಲ್ಲಿ ಎಂಥ ಸೆಕೆ? ಆಗ ಹಾಗೆ ಅಂದುಕೊಂಡ ತನ್ನನ್ನು ಈಗ ಬಸ್ಸಿನಲ್ಲಿ ಕೂತು ನೆನೆಸಿಕೊಂಡರೆ ಎದ್ದು ಎರಡು ಬಡಿಯೋಣ ಎನ್ನಿಸಿತು. ಡಾಕ್ಟರರು ಔಷಧಿ ಬರೆದುಕೊಟ್ಟು, ಮೊದಲು ಈಕೆಗೆ ನಿದ್ರೆ ಆಗಬೇಕು ಎಂದಿದ್ದರು. ಅವನು ತಲೆಯಾಡಿಸಿದ್ದ, ಮನೆಗೆ ಬಂದು ಬಲ್ಬನ್ನು ಎರಡು ಇಂಚು ಮೇಲೇರಿಸಿದ್ದ.

ನಿನ್ನೆ ಮಧ್ಯಾಹ್ನ, ಹೊಲಿದಿಟ್ಟ ತನ್ನ ಅಂಗಿ ಒಯ್ಯಲು ರಘುಪತಿ ಬಂದ. ಒಳಕೋಣೆಯ ಬಾಗಿಲು ತೆರೆದಿತ್ತು. ಅಂಗಿ ತೊಟ್ಟು ನೋಡಲು ಒಳಗೆ ಹೋದವನು ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಗಿಡದ ಎದುರು ನಿಂತ. ಶಿವಪುತ್ರಪ್ಪ ಕೊರಳಲ್ಲಿ ಟೇಪು ನೇತುಬಿಟ್ಟುಕೊಂಡು, ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಬದಿಯಲ್ಲಿ ನಿಂತು ಎಲ್ಲ ಹೇಳಿದ: ಹದಿನಾಲ್ಕು ಇಂಚು, ಕಾಲು ಸುತ್ತು, ಹಗಲೂ ರಾತ್ರಿ ಬೆಳಕು.

“ರಾತ್ರೀನೂ?”

“ರಾತ್ರೀನೂ ಹಚ್ಚೀನ್ರಿ. ಒಂದ್ ದಿನ ತಪ್ಪಿಸಿಲ್ಲ.”

ರಘುಪತಿ ಬಿದ್ದು ಬಿದ್ದು ನಕ್ಕ. “ಎಂತ ಮಾರಾಯ್ರೇ! ಇದು ಹೂ ಬಿಡೋದಾದ್ರೂ ಹ್ಯಾಗೆ? ಸೇವಂತಿಗೆಗೆ ಉದ್ದ ರಾತ್ರಿ ಬೇಕು. ಕತ್ತಲು ಸಿಕ್ಕಿದ್ರೇ ಅದು ಮೊಗ್ಗು ಹಿಡಿಯೋದು. ಅದಕ್ಕೇ ಅಲ್ವಾ ದೀಪಾವಳಿ ಆಸುಪಾಸಿಗೆ ಹೂವಾಗೋದು? ನೀವು ರಾತ್ರಿ ದೀಪ ಹಾಕಿದ್ರೆ ಅದಕ್ಕೆ ಬರೀ ಬೇಸಿಗೆ. ಎಲೆ ಹಾಕ್ತಾ ಕೂತ್ಕೊಳ್ತದೆ, ಅಷ್ಟೇ.”

“ಬೆಳಕ ಊಟ ಅಂತ ನೀವ ಅಂದಿದ್ರೆಲ್ರೀ ಸಾಹೇಬ್ರ?”

“ಊಟ ಹೌದು. ನಿದ್ದೆ ಬೇಡ ಅಂತ ನಾ ಹೇಳಿದ್ನಾ?” ರಘುಪತಿ ಕಣ್ಣೊರೆಸಿಕೊಂಡ. ಶಿವಪುತ್ರಪ್ಪನ ಮುಖ ನೋಡಿ ನಗು ನಿಲ್ಲಿಸಿದ. “ಹೋಗ್ಲಿ ಬಿಡಿ. ಇನ್ನು ಸಂಜೆ ಆರಕ್ಕೆ ಬುಟ್ಟಿ ಮುಚ್ಚಿಡಿ. ಎರಡು ತಿಂಗಳಲ್ಲಿ ಹೂ ಬರ್ತದೆ.”

ಅವನು ಹೋದ ಮೇಲೆ ಶಿವಪುತ್ರಪ್ಪ ಮಷೀನಿನ ಮುಂದೆ ಕೂತು ಅರ್ಧ ಹೊಲಿದ ಕುಪ್ಪಸದ ಎಡತೋಳನ್ನು ಬಲಕ್ಕೆ ಜೋಡಿಸಿ, ಬಿಚ್ಚಿ, ಮತ್ತೆ ಹಾಗೆಯೇ ಜೋಡಿಸಿದ. ಇನ್ನೆರಡು ತಿಂಗಳು! ನಾಡಿದ್ದು ಗೌರಿ ಹುಣ್ಣಿಮೆ. ಆಗಲೇ ಬಿಡಕಿಬೈಲು ಹಳದಿಯಾಗಿತ್ತು. ಪೇಟೆಯ ಪ್ರತಿ ಹೆಣ್ಣಿನ ತುರುಬಿನಲ್ಲೂ ಸೇವಂತಿಗೆ. ತನ್ನ ಗಿಡವೊಂದೇ ಬೋಳು, ಅದೂ ತಾನು ಕಾದದ್ದಕ್ಕೆ. ಇಷ್ಟನ್ನು ಅವನು ತಡೆದುಕೊಂಡಾನು. ಅದರ ಹಿಂದಿನಿಂದ ಬರುತ್ತಿದ್ದ ಇನ್ನೊಂದು ವಿಚಾರವನ್ನು ಮಾತ್ರ ತಡೆದುಕೊಳ್ಳಲಾರದೆ ಎದ್ದು ಪೇಟೆಗೆ ನಡೆದ. ಮಂಜಿಯ ಬುಟ್ಟಿಯ ಮುಂದೆ ಕೂತು ತೊಟ್ಟು ಉದ್ದವಿರುವ ಹೂವನ್ನೇ ಆರಿಸತೊಡಗಿದಾಗ ಅವಳು, “ಮದಿವಿ ಗಂಡು ಆರಸ್ದಂಗೆ ಆರಸ್ತೀರಲ್ರೀ,” ಎಂದಳು. ಅವನು ಏನೋ ಒಂದು ಅಂದು ಎದ್ದು ಬಂದ.

ಬಸ್ಸು ಒಮ್ಮೆ ಜೋರಾಗಿ ಕುಲುಕಿತು. ಹಲ್ಲಿಗೆ ನಾಲಿಗೆ ಸಿಕ್ಕಿತು. ನಾಲಿಗೆಯ ತುದಿಯಲ್ಲಿ ಏನೋ ಎಳೆ ಎಂದು ಬೆರಳು ಹಾಕಿ ತೆಗೆದರೆ ಹಸಿರು ದಾರದ ಚೂರು. ಅದನ್ನು ನೋಡುತ್ತಿದ್ದಂತೆ ಶಿವಪುತ್ರಪ್ಪನಿಗೆ ಹೊಳೆಯಿತು. ಸೂಜಿಗೆ ಪೋಣಿಸುವಾಗ ದಾರದ ತುದಿಯನ್ನು ಬಾಯಲ್ಲಿಟ್ಟು ಹದ ಮಾಡುವುದು, ಹೊಲಿಗೆ ಮುಗಿದ ಮೇಲೆ ಹಲ್ಲಿನಲ್ಲಿ ಕಚ್ಚಿ ಹರಿಯುವುದು: ಸೂಜಿ ಹಿಡಿದಾಗಿನಿಂದ ಬಂದ ಅಭ್ಯಾಸ, ಉಸಿರಾಡಿದ ಹಾಗೆ. ಏಳು ಹೂವಿಗೆ ಏಳು ಸಲ ಪೋಣಿಸಿದ್ದ, ಏಳು ಸಲ ಕಚ್ಚಿದ್ದ. ಎಂಜಲು. ಲಿಂಗಕ್ಕೆ ಏರಿಸುವ ಹೂವನ್ನು ಅವಳು ಮೂಸಿಯೂ ನೋಡುವವಳಲ್ಲ. ಒಂದು ಸಲ ಇವನು ತಿಳಿಯದೆ ಮೂಸಿದ ಮಲ್ಲಿಗೆಯನ್ನು ತೆಗೆದು ಬದಿಗಿಟ್ಟು ಆ ದಿನ ಬರೀ ನೀರೆರೆದು ಪೂಜೆ ಮುಗಿಸಿದ್ದಳು. ಅಯ್ಯೋ ಶಿವನೇ, ಇದೇನು ಮಾಡಿಬಿಟ್ಟೆ! ಕಿತ್ತುಬಿಡೋಣವೆಂದು ಒಂದು ಹೂವನ್ನು ಹಿಡಿದು ಎಳೆದ. ಹೊಲಿಗೆ ಗಟ್ಟಿಯಿತ್ತು, ಟೊಂಗೆಯೇ ಮುರಿಯುವಂತಾಯಿತು. ಕತ್ತರಿ ತಂದಿರಲಿಲ್ಲ. ಆಮೇಲೆ ಯೋಚನೆಯೂ ಬಂತು: ಯಾರಿಗೆ ಗೊತ್ತಾಗುತ್ತದೆ? ಅವಳು ಏರಿಸುತ್ತಾಳೆ, ಸಂತೋಷಪಡುತ್ತಾಳೆ, ಬಸ್ಸು ಹತ್ತುತ್ತಾಳೆ. ಪಾಪವೇನಿದ್ದರೂ ನನಗಿರಲಿ. ಹೀಗೆಲ್ಲ ಲೆಕ್ಕ ಹಾಕುವ ಮನುಷ್ಯ ನಾನೇ ಏನು ಎಂದು ಆಶ್ಚರ್ಯಪಡುತ್ತಿರುವಾಗ ಬಸ್ಸು ಬನವಾಸಿಗೆ ಬಂದು ನಿಂತಿತು.

ದ್ಯಾಮಪ್ಪನ ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಬೇಲಿಯ ಉದ್ದಕ್ಕೂ ಸೇವಂತಿಗೆ. ಅದೇ ಬುಡ, ಅದೇ ಜಾತಿ, ತನ್ನ ಕುಂಡದ ಮರಿಯ ತಾಯಿ. ಎಲೆ ಕಾಣದ ಹಾಗೆ ಹೂವು ಮುಚ್ಚಿಕೊಂಡಿತ್ತು. ಯಾರೂ ಕಾಯದೆ, ಯಾರೂ ಅಳೆಯದೆ, ರಾತ್ರಿ ಕತ್ತಲಾಗಿ ಹಗಲು ಬೆಳಕಾದದ್ದಕ್ಕೇ ಬಿಟ್ಟ ಹೂವು. ನಾಚಿಕೆಯಾಗಿ ತಿರುಗಿ ಹೋಗಿಬಿಡೋಣ ಎನ್ನುವಷ್ಟರಲ್ಲಿ ದ್ಯಾಮಪ್ಪನ ಹೆಂಡತಿ ಸಿದ್ದವ್ವ ಕಾಲಿಗೆ ನೀರು ತಂದಿಟ್ಟಳು. “ಬರ್ರಿ ಅಣ್ಣಾರ, ಒಳಗ ಬರ್ರಿ. ಅಕ್ಕಾರು ಈಗರ ಜಳಕಾ ಮಾಡಿ ಪೂಜಿಗೆ ಕುಂತಾರ.”

ನಡುಮನೆಯಲ್ಲಿ ಗುರುಶಾಂತವ್ವ ಮಣೆಯ ಮೇಲೆ ಕೂತಿದ್ದಳು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಅವಳ ಕೆನ್ನೆ ತುಂಬಿಕೊಂಡಿತ್ತು, ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ತನ್ನ ಹೆಂಡತಿ ಹೀಗಿದ್ದಳೆಂಬುದನ್ನೇ ಅವನು ಮರೆತಿದ್ದ. ಬದಿಯ ತಟ್ಟೆಯಲ್ಲಿ ಬೇಲಿಯ ಹೂವು ರಾಶಿ ಬಿದ್ದಿತ್ತು. ಅವಳು ತಲೆಯೆತ್ತಿ ಮೊದಲು ಅವನನ್ನು, ಆಮೇಲೆ ಗಿಡವನ್ನು ನೋಡಿದಳು.

“ಬಿಟ್ಟತ್ರೀ!” ಎಂದಳು. ಅವಳ ದನಿ ಸಣ್ಣ ಹುಡುಗಿಯದಾಗಿತ್ತು. ತಟ್ಟೆಯನ್ನು ಮೊಣಕೈಯಿಂದ ಆಚೆ ಸರಿಸಿ, “ಇಲ್ಲೆ ತರ್ರಿ, ಸನೇಕ ತರ್ರಿ,” ಎಂದಳು. ಅವನು ಕುಂಡವನ್ನು ಅವಳ ಮುಂದಿಟ್ಟ. ಅವಳ ಬಲಗೈ ಎಲ್ಲಕ್ಕಿಂತ ದೊಡ್ಡ ಹೂವಿನ ಕಡೆ ಬಂತು. ಸುಮ್ಮನಿರು, ಇನ್ನೊಂದು ಗಳಿಗೆ ಸುಮ್ಮನಿರು ಎಂದು ಶಿವಪುತ್ರಪ್ಪ ತನಗೇ ಹೇಳಿಕೊಳ್ಳುತ್ತಿದ್ದ.

“ತಡಿ!”

“ಯಾಕ್ರೀ?”

“ಮುಟ್ಟಬ್ಯಾಡ. ಅದು ಎಂಜಲ ಐತಿ.”

ಬಾಗಿಲಲ್ಲಿ ದ್ಯಾಮಪ್ಪ, ಸಿದ್ದವ್ವ ಇಬ್ಬರೂ ನಿಂತಿದ್ದರು. ಅವರ ಎದುರಿಗೇ ಹೇಳಬೇಕಾಯಿತು. ಪೇಟೆಯ ಹೂವು, ಹಸಿರು ದಾರ, ಬಾಯಿ. ದ್ಯಾಮಪ್ಪ ಫಕ್ಕನೆ ನಕ್ಕು, ಹೆಂಡತಿ ಗುರಾಯಿಸಿದ್ದಕ್ಕೆ ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋದ. ಗುರುಶಾಂತವ್ವ ನಗಲಿಲ್ಲ. ಬಗ್ಗಿ, ಮುಟ್ಟದೆ, ತೊಟ್ಟು ಟೊಂಗೆಗೆ ಸೇರಿದ ಜಾಗವನ್ನು ನೋಡಿದಳು. ಅವನ ಅಂಗಡಿಯ ಅಂಗಿಗಳಿಗೆಲ್ಲ ಗುಂಡಿ ತೂರಿಸುವ ಕಾಜಾ ಹೊಲಿದುಕೊಟ್ಟವಳು ಅವಳೇ.

“ಕಾಜಾ ಹೊಲಗಿ ಹಾಕೀರಿ,” ಎಂದಳು. “ಚಲೋ ಕುಂತತಿ.”

ಆಮೇಲೆ ಬೆರಳು ಕೆಳಗೆ ಜಾರಿಸಿ, ಬುಡದ ಹತ್ತಿರ ಹೊಲಿಗೆ ಇಲ್ಲದ ಕಡೆಯಿಂದ ಒಂದು ಎಲೆ ಚಿವುಟಿ, ನೀರಲ್ಲಿ ಅದ್ದಿ, ಲಿಂಗದ ಮೇಲೆ ಇಟ್ಟಳು. “ಎಲಿ ಮನೀದ ಐತೆಲ್ಲ,” ಎಂದು ಕಣ್ಣು ಮುಚ್ಚಿದಳು. ಸೇವಂತಿಗೆ ಎಲೆಯ ಘಾಟು ನಡುಮನೆಯಲ್ಲಿ ಹರಡಿತು. ಶಿವಪುತ್ರಪ್ಪ ಕಂಬಕ್ಕೆ ಒರಗಿ ನಿಂತು ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ.

ಊಟವಾದ ಮೇಲೆ ಅವಳು ಒಳಗಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಅಡ್ಡಾದಳು. ಅವನು ಗೋಡೆಗೆ ಒರಗಿ ಕೂತ. ನೆಲ ಸಾರಿಸಿದ, ತಂಪಾದ, ಅರೆಗತ್ತಲ ಕೋಣೆ. ರಘುಪತಿ ಹೇಳಿದ್ದನ್ನು ಹೇಳಲು ಶುರುಮಾಡಿದ. ಗಿಡಕ್ಕೆ ಉದ್ದ ರಾತ್ರಿ ಬೇಕಂತೆ. ಬೆಳಕು ಹಾಕಿದ್ದೇ ಮುಳುವಾಯಿತಂತೆ. ಅವಳು “ಹೂಂ” ಎನ್ನುತ್ತಿದ್ದಳು. “ಅದಕ್ಕೂ ಕತ್ತಲ ಬೇಕಾಗಿತ್ತಂತ,” ಎಂದ. “ಹೂಂ.” ಇನ್ನು ಹೇಳಬೇಕಾದ್ದನ್ನು ಅವನು ನಿನ್ನೆಯಿಂದ ಒಳಗೇ ಒತ್ತಿಟ್ಟುಕೊಂಡು ಬಂದಿದ್ದ. ಅವಳ ಮುಖ ನೋಡುತ್ತ ಹೇಳಲಾಗದೆ ಬಾಗಿಲ ಕಡೆ ತಿರುಗಿದ. “ನೀ ಆರಸ್ರೀ ಅಂದಾಗ ನಾ ಆರಸ್ಬೇಕಾಗಿತ್ತು. ಆ ಕರಿ ಪಟ್ಟಿ ಹೊಲಿದು ಕೊಟ್ಟೆ ನೋಡು, ಅದು… ನಂದು ತಪ್ಪಾತು. ಗಿಡಾ ನೋಡಿದೆ, ನಿನ್ನ ನೋಡ್ಲಿಲ್ಲ.” ಈ ಸಲ “ಹೂಂ” ಬರಲಿಲ್ಲ. ತಿರುಗಿ ನೋಡಿದರೆ ಅವಳು ಮಲಗಿಬಿಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಕೈ ಚಾಪೆಯಾಚೆ ನೆಲದ ಮೇಲೆ ಬಿದ್ದಿತ್ತು. ಕೆಮ್ಮಿಲ್ಲ, ಹೊರಳಾಟವಿಲ್ಲ. ಒಂದೇ ಸಮನೆ ಬಂದು ಹೋಗುವ ಉಸಿರು. ಅವಳು ನಿದ್ರೆ ಮಾಡುವುದನ್ನು ಅವನು ಎಷ್ಟು ದಿನವಾಗಿತ್ತು ನೋಡಿ! ಯಾವ ಮಾತಿನ ತನಕ ಅವಳು ಎಚ್ಚರವಿದ್ದಳೋ ತಿಳಿಯಲಿಲ್ಲ.

ಅವನು ಹಾಗೆಯೇ ಕೂತಿದ್ದ. ಬಿಸಿಲು ಹೊಸ್ತಿಲು ದಾಟಿ ಹಿಂದೆ ಸರಿಯಿತು. ಐದರ ಬಸ್ಸಿಗೆ ಹೊತ್ತಾದಾಗ ದ್ಯಾಮಪ್ಪ ಇಣುಕಿ ಮೆಲ್ಲಗೆ, “ಮಾಮಾ, ಎಬ್ಬಿಸ್ಲೇನು? ಆಕೀದು ಅರಿವಿ ಗಂಟು ಕಟ್ಟೇ ಐತಿ,” ಎಂದ.

“ಯಾವಾಗ ಕಟ್ಯಾಳ?”

“ಎಂಟು ದಿನಾತು. ನಿಮ್ಮ ಹಾದಿ ನೋಡಾಕತ್ತಿದ್ಲು. ಹೂ ಬಿಡ್ಲಿ ಬಿಡದಿರ್ಲಿ, ಬಂದ್ರ ಹೋಗ್ಬಿಡ್ತೀನಿ, ಅಲ್ಲಿ ಅವರು ಒಬ್ಬರ ಅದಾರ ಅಂತಿದ್ಲು.”

ಶಿವಪುತ್ರಪ್ಪ ಮೂಲೆಯ ಕಡೆ ನೋಡಿದ. ಗಂಟು ಅಲ್ಲಿಯೇ ಇತ್ತು, ಚಿಕ್ಕದು, ಬಿಗಿಯಾಗಿ ಕಟ್ಟಿದ್ದು. ಒಂದು ಸಲ ಕೂಗಿದರೆ ಸಾಕು. ಅವಳು ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಗಂಟು ಎತ್ತಿಕೊಂಡು ಅವನ ಹಿಂದೆ ಬರುತ್ತಾಳೆ. ಆ ಕಿಟಕಿಯಿಲ್ಲದ ಕೋಣೆಗೆ, ಅಂಗಡಿಯ ಧೂಳಿಗೆ, ಕೆಮ್ಮಿಗೆ. ಬಾ ಎಂದು ಕೂಗಬೇಕೆಂದು ಅವನಿಗೆ ಆಸೆಯಾಯಿತು. ಅಷ್ಟು ಬೇಕಾಗಿದ್ದಳು ಅವಳು ಅವನಿಗೆ.

“ಬ್ಯಾಡ,” ಎಂದ. “ಮಲಗ್ಲಿ.”

“ಹಂಗಾರ ನೀವೂ ಇವತ್ತು ಇರ್ರಿ. ನಾಳೆ ಇಬ್ಬರೂ ಕೂಡೇ ಹೋಗೀರಂತ.”

ಇದ್ದರೆ ಅವಳು ಏಳುತ್ತಾಳೆ. ಎದ್ದು ಹೊರಟು ನಿಂತವಳನ್ನು ಬರಬೇಡ ಎನ್ನುವ ಶಕ್ತಿ ತನಗಿಲ್ಲ ಎಂಬುದು ಅವನಿಗೆ ಗೊತ್ತಿತ್ತು. “ಹುಣಿವಿಗೆ ಕೊಡೂ ಅರಿವಿ ಭಾಳ ಅದಾವ,” ಎಂದ. “ಚಳಿ ಮುಗಿಯೂ ತನಕ ಆಕಿ ಇಲ್ಲೇ ಇರ್ಲಿ. ಗಿಡಾನೂ ನಿಮ್ಮ ಬೇಲೀ ಕಡೆ ನಟ್ಟುಬಿಡು.”

“ಎದ್ದ ಮ್ಯಾಲ ಕೇಳಿದ್ರ ಏನು ಹೇಳ್ಲಿ?”

ಏನು ಹೇಳುವುದು? ಸಿಟ್ಟು ಮಾಡಿಕೊಂಡು ಹೋದರು, ಎಲ್ಲರೆದುರು ಅವಮಾನವಾಯಿತೆಂದು ಹೋದರು ಎಂದೇ ಅವಳು ತಿಳಿದಾಳು. ಅತ್ತರೂ ಅತ್ತಾಳು. “ಅರಿವಿ ಭಾಳ ಅದಾವ ಅಂತ ಹೇಳು,” ಎಂದ. ಎದ್ದು, ಅವಳ ಮುಖದ ಮೇಲೆ ಬೆಳಕು ಬೀಳದ ಹಾಗೆ ಬಾಗಿಲನ್ನು ಮುಂದಕ್ಕೆಳೆದ. ಚಪ್ಪಲಿಯನ್ನು ಮೆಟ್ಟದೆ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಅಂಗಳ ದಾಟಿ ಬೀದಿಗೆ ಬಂದ.